ಕಿಂಡಿ ಇರುವಂಥದ್ದು

ಬೋರಾ ಬಜಾರಿನ ಒಳಗಲ್ಲಿಯ ಅಂಗಡಿ.
ಬುಟ್ಟಿಯಲ್ಲಿ ಬಂಗುಡೆ ಜೋಡಿಸಿಟ್ಟ ಹಾಗೆ
ಗಾಜಿನಡಿ ಸಾಲಾಗಿ ಕ್ಯಾಮೆರಾಗಳು,
ಒಂದೊಂದೇ ಕಣ್ಣು ತೆರೆದು ಮಲಗಿವೆ.

ಲೆನ್ಸ್ ಒರೆಸುವ ಬಟ್ಟೆಯಲ್ಲೇ ಸ್ಟೂಲು ಒರೆಸಿ
"ಕೂತ್ಕೊಳ್ಳಿ ಬೆಹೆನ್" ಎಂದರು ಮುಫದ್ದಲ್ ಭಾಯಿ.
"ಎಲ್ಲಿಗೆ ಪ್ರಯಾಣ?"

ಎಲ್ಲಿಗೆ ಎಂದು ನನ್ನನ್ನು ಕೇಳಿದವರಿಲ್ಲ.
ಕೇಳುವ ಕೆಲಸ ನನ್ನದಾಗಿತ್ತು
ಮೂವತ್ತೊಂದು ವರ್ಷ, ರಿಸರ್ವೇಶನ್ನಿನ ಹದಿನಾಲ್ಕನೇ ಕೌಂಟರಿನಲ್ಲಿ:
ಎಲ್ಲಿಗೆ, ಯಾವತ್ತು, ಎಷ್ಟು ಜನ,
ಕೆಳಗಿನ ಬರ್ತೇ ಬೇಕಾ.

"ಡಿಬ್ರುಗಢ" ಎಂದೆ.
ಬೆರಳ ತುದಿಗಷ್ಟೇ ಗೊತ್ತಿದ್ದ ಊರು,
ನಾಲ್ಕು ಇಂಗ್ಲಿಷ್ ಅಕ್ಷರ.
ನನಗಾಗಿ ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು.

ಮೊದಲು ಹೊರಬಂದದ್ದು ಕರಿಯದು.
ಗುಂಡಿ ಒತ್ತಿದರೆ ಆಮೆಯ ಹಾಗೆ ಕತ್ತು ಚಾಚುತ್ತದೆ.
"ಮೂವತ್ತು ಪಟ್ಟು ಝೂಮ್, ಚಂದ್ರನ ಗುಳಿಗಳೂ ಕಾಣುತ್ತವೆ."
ಚಂದ್ರನಿಗೆ ನನ್ನ ಹತ್ತಿರ ಟಿಕೆಟಿಲ್ಲ ಭಾಯಿ.
ಆಮೇಲೆ ಹಳದಿ ರಬ್ಬರಿನ ಅಂಗಿ ತೊಟ್ಟದ್ದು,
ನೀರಿಗೆ ಬಿದ್ದರೂ ಬದುಕುವಂಥದ್ದು.
ಜುಲೈ ತಿಂಗಳ ಕುರ್ಲಾಕ್ಕೆ ಸರಿ, ಎಂದೆ. ನಕ್ಕರು.
ಇನ್ನೊಂದು, ಕತ್ತಲಲ್ಲೂ ಬೆಳಕು ಹೆಕ್ಕುತ್ತದಂತೆ.
ಬೆಲೆ ಕೇಳಿದ್ದೇ
ಎತ್ತಿಕೊಂಡಿದ್ದ ಪರರ ಕೂಸನ್ನು ತಾಯಿಗೆ ಕೊಡುವ ಹಾಗೆ
ಎರಡೂ ಕೈಯಲ್ಲಿ ಮರಳಿಸಿದೆ.

"ಫೋನೇ ಸಾಕಲ್ಲ ದೊಡ್ಡಮ್ಮ" ಎಂದಿದ್ದ ನಿಶ್ಚಿತ್.
ಸಾಕು ಮಾರಾಯ.
ಆದರೆ ಅದರೊಳಗೆ ಗ್ಯಾಸ್ ಏಜೆನ್ಸಿ ಇದೆ,
ಸೊಸೈಟಿಯ ನೀರಿನ ಜಗಳ ಇದೆ,
ಸಾಲ ಬೇಕೇ ಎನ್ನುವ ಹುಡುಗಿ ಇದ್ದಾಳೆ.
ಇಷ್ಟು ಜನರನ್ನು ಕಟ್ಟಿಕೊಂಡು
ಬ್ರಹ್ಮಪುತ್ರದ ದಡಕ್ಕೆ ಹೋಗುವುದು ಹೇಗೆ?
ಕನ್ಫರ್ಮ್ ಆಗಿರುವುದು ಒಂದೇ ಬರ್ತು.

ಸ್ಟೂಲಿನಿಂದೆದ್ದೆ. ಎಡಗೈ ಮೇಲೆತ್ತಿ
ಡೊಂಬಿವಲಿ ಫಾಸ್ಟಿನ ಹಿಡಿಕೆ ಹಿಡಿದ ಹಾಗೆ ನಿಂತು
ಬಲಗೈಯೊಂದರಲ್ಲೇ ಒಂದೊಂದನ್ನೂ
ಬ್ಯಾಗಿನಿಂದ ತೆಗೆದು, ಚಾಲೂ ಮಾಡಿ, ಮತ್ತೆ ಇಟ್ಟೆ.
ಕರಿಯದಕ್ಕೆ ಹೆಬ್ಬೆರಳು ನಿಲುಕಲಿಲ್ಲ.
ಚಹಾ ತಂದ ಹುಡುಗ ಬಾಯಿ ತೆರೆದು ನೋಡಿದ.
ಮುಫದ್ದಲ್ ಭಾಯಿ ನಗಲಿಲ್ಲ.
ಅವರೂ ಮುಂಬ್ರಾದಿಂದ ನಿಂತೇ ಬರುವವರು.

"ಕಣ್ಣಿಗೆ ಹಚ್ಚಿ ನೋಡುವ ಕಿಂಡಿ
ಇರುವಂಥದ್ದು ಇಲ್ಲವಾ?"

ಈಗ ಯಾರು ಕೇಳುತ್ತಾರೆ ಅದನ್ನು, ಎಂದರು.
ಚಾಳೀಸು ಮರೆತು ಬಂದವರು ಕಾಗದ ಓದುವ ಹಾಗೆ
ಎಲ್ಲರೂ ತೋಳುದ್ದ ದೂರ ಹಿಡಿದೇ ತೆಗೆಯುವುದು.
ಅಂದರೂ ಏಣಿ ಹತ್ತಿದರು.
ಯಾರೋ ಬಳಸಿ ಬಿಟ್ಟದ್ದು, ಸ್ನಾನದ ಸೋಪಿನಷ್ಟೇ ಗಾತ್ರ,
ಒಂದು ಮೂಲೆ ಸವೆದು ಹಿತ್ತಾಳೆ ಇಣುಕಿದೆ.
ಕಿಂಡಿ ಹುಣಸೆಬೀಜದಷ್ಟು.

ಒಂದು ಕಣ್ಣು ಮುಚ್ಚಿದೆ.

ಅದೇ. ನನ್ನ ಗಾಜಿನ ಕೆಳಗಿನ ಅರ್ಧಚಂದ್ರದ ತೂತು.
ಅದರಲ್ಲಿ ಮುಖ ಬರುತ್ತಿರಲಿಲ್ಲ, ಕೈ ಬರುತ್ತಿತ್ತು.
ಮದರಂಗಿ ಇನ್ನೂ ಕೆಂಪಾಗಿದ್ದ ಕೈ, ಮಡಗಾಂವ್, ಎರಡು.
ಉಗುರಲ್ಲಿ ಸುಣ್ಣ ಕೂತ ಕೈ, ಗೋರಖ್‌ಪುರ, ಸ್ಲೀಪರ್,
ಬೆವರಿಗೆ ಒದ್ದೆಯಾದ ನೋಟು.
ಒಮ್ಮೆ ಒಂದು ಕೈ,
ಫಾರ್ಮಿನ ಐದು ಹೆಸರುಗಳಲ್ಲಿ ಒಂದನ್ನು ಹೊಡೆದುಹಾಕಿ
ಪೆನ್ನು ಅದರ ಮೇಲೇ ಇಟ್ಟುಕೊಂಡು
ಹಾಗೇ ಉಳಿಯಿತು.
ಏಳನೇ ಪ್ಲಾಟ್‌ಫಾರ್ಮಿನ ಘೋಷಣೆ ಮುಗಿಯಿತು.
ನಾನು "ನೆಕ್ಸ್ಟ್" ಎಂದೆ.

ಚಾರ್ಜರಿಗೆ ಮುನ್ನೂರು ಬೇರೆ, ಎನ್ನುತ್ತಿದ್ದಾರೆ ಭಾಯಿ.
ಇನ್ನೂರೈವತ್ತು, ಎಂದೆ, ಕಿಂಡಿಯಿಂದ ಕಣ್ಣು ತೆಗೆಯದೆ.
ಬಿಲ್ಲಿನ ಪುಸ್ತಕ ಬಿಚ್ಚಿ ಕಾರ್ಬನ್ ಸರಿಮಾಡಿ
ಸ್ಕ್ರೂಗಳ ಗುರುತು ತುಂಬಿದ ಅವರ ಬೆರಳು
ನನ್ನ ಹೆಸರಿಗಾಗಿ ಕಾಯುತ್ತ ನಿಂತಿದೆ.

ಕೈ ಹಾಗೇ ಇರಲಿ ಭಾಯಿ, ಅವಸರ ಇಲ್ಲ.
ಹಿಂದೆ ಲೈನು ಇಲ್ಲ.